ಪಿಂಪ್ರಿಯ ಅರೆಹೊಟ್ಟೆ ಬೂಷ್ಟು

1944ರ ಫೆಬ್ರುವರಿ. ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದ ಕಸ್ತೂರಬಾ ಅವರಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಹೃದಯ ಮೊದಲೇ ಸೋತಿತ್ತು, ಅದರ ಮೇಲೆ ನ್ಯುಮೋನಿಯಾ. ಮಗ ದೇವದಾಸ್ ಕೊನೆಯ ಆಸೆಯೆಂಬಂತೆ ಕಲ್ಕತ್ತೆಯಿಂದ ವಿಮಾನದಲ್ಲಿ ಒಂದು ಹೊಸ ಔಷಧ ತರಿಸಿದರು. ಪೆನಿಸಿಲಿನ್. ಕೆಲವು ಗಂಟೆಗೊಮ್ಮೆ ಸೂಜಿ ಚುಚ್ಚಬೇಕು ಎಂದು ಗೊತ್ತಾದಾಗ ಗಾಂಧೀಜಿ ತಡೆದರು. ಹೋಗುವ ಜೀವವನ್ನು ಇನ್ನಷ್ಟು ನೋಯಿಸುವುದು ಅವರಿಗೆ ಬೇಡವಾಗಿತ್ತು. ಫೆಬ್ರುವರಿ 22ರ ಸಂಜೆ, ಶಿವರಾತ್ರಿಯ ದಿನ, ಬಾ ತೀರಿಕೊಂಡರು.

ಆ ಔಷಧ ಅವರನ್ನು ಉಳಿಸುತ್ತಿತ್ತೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಅಂದು ಪೆನಿಸಿಲಿನ್ ಎಂಬುದು ಯುದ್ಧದ ಸೈನಿಕರಿಗೆಂದು ಹಡಗು, ವಿಮಾನಗಳಲ್ಲಿ ಬರುತ್ತಿದ್ದ ಪರದೇಶದ ಮದ್ದು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, ಅದೇ ಅರಮನೆಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಪಿಂಪ್ರಿ ಎಂಬ ಹಳ್ಳಿಯ ಪಕ್ಕದಲ್ಲಿ, ಎತ್ತರದ ಉಕ್ಕಿನ ತೊಟ್ಟಿಗಳಲ್ಲಿ ಅದೇ ಮದ್ದು ತಯಾರಾಗತೊಡಗಿತು. ಈ ಹನ್ನೊಂದು ವರ್ಷಗಳ ಕಥೆಯನ್ನು ರಾಜಕೀಯದ ಕಥೆಯಾಗಿ ಹೇಳಬಹುದು, ವಿಜ್ಞಾನದ ಕಥೆಯಾಗಿಯೂ ಹೇಳಬಹುದು. ನನಗೆ ಇದು ಊಟದ ಕಥೆಯಾಗಿ ಕಾಣುತ್ತದೆ: ಒಂದು ಬೂಷ್ಟಿಗೆ ಏನು ಉಣ್ಣಿಸಬೇಕು, ಎಷ್ಟು ಉಣ್ಣಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಮನುಷ್ಯರು ಕಲಿತ ಕಥೆ.

ಬೂಷ್ಟು ನಮಗೇನು ಹೊಸದೇ? ಮಳೆಗಾಲದಲ್ಲಿ ಉಪ್ಪು ಕಡಿಮೆಯಾದ ಉಪ್ಪಿನಕಾಯಿ ಜಾಡಿಯ ಬಾಯಲ್ಲಿ, ಎರಡು ದಿನ ಮರೆತ ರೊಟ್ಟಿಯ ಅಂಚಿನಲ್ಲಿ, ಒದ್ದೆಯಾದ ಚಪ್ಪಲಿಯ ಮೇಲೆ ಅದು ಹಸಿರಾಗಿ, ನೀಲಿಯಾಗಿ ಕೂರುತ್ತದೆ. ಹಲವು ಸೂಕ್ಷ್ಮಜೀವಿಗಳಂತೆ ಅದಕ್ಕೂ ಬೇಕಾದದ್ದು ಇಷ್ಟು: ಶಕ್ತಿಗೆ ಸಕ್ಕರೆಯೋ ಪಿಷ್ಟವೋ, ಮೈ ಕಟ್ಟಲು ಸಾರಜನಕ, ಜೊತೆಗೆ ರಂಜಕ, ಗಂಧಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಚಿಟಿಕೆಯಷ್ಟು ಕಬ್ಬಿಣ, ಸತು. ಇವುಗಳಲ್ಲಿ ಯಾವುದು ಅಗತ್ಯಕ್ಕಿಂತ ಕಡಿಮೆಯಿದೆಯೋ ಅದೇ ಬೆಳವಣಿಗೆಯ ಲಗಾಮು. ಮದುವೆ ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ದು ಉಪ್ಪು ಮುಗಿದಿದ್ದರೆ ಪಂಕ್ತಿ ಏಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಯುಸ್ಟುಸ್ ಲೀಬಿಗ್ ಹೊಲದ ಬೆಳೆಗಳ ಬಗ್ಗೆ ಹೇಳಿದ ಈ ಮಾತು ಬೂಷ್ಟಿಗೂ ಸಲ್ಲುತ್ತದೆ. ಆದರೆ ಪೆನಿಸಿಲಿನ್ ವಿಷಯದಲ್ಲಿ ಇದಕ್ಕೊಂದು ತಿರುವಿತ್ತು. ಆ ತಿರುವು ಅರ್ಥವಾಗದೆ ಆಕ್ಸ್‌ಫರ್ಡ್‌ನ ಜಾಣರೇ ಎರಡು ವರ್ಷ ಒದ್ದಾಡಿದರು.

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಆ ಬೂಷ್ಟನ್ನು ಔಷಧವಾಗಿಸಲು ಹೊರಟವರು ಆಕ್ಸ್‌ಫರ್ಡ್‌ನ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ. ಚಪ್ಪಟೆ ಪಾತ್ರೆಗಳಲ್ಲಿ ಸಕ್ಕರೆ ಮತ್ತು ಲವಣಗಳ ನೀರು ಹಾಕಿ, ಅದರ ಮೇಲೆ ಬೂಷ್ಟಿನ ಚಾಪೆ ಬೆಳೆಸಿ, ಅಡಿಯ ರಸವನ್ನು ಸೋಸುವುದು ಅವರ ಕ್ರಮ. ಬರುತ್ತಿದ್ದದ್ದು ಮಿಲಿಲೀಟರಿಗೆ ಒಂದೆರಡು ಯೂನಿಟ್. ಲೀಟರುಗಟ್ಟಲೆ ರಸ ಸೋಸಿದರೂ ಕೈಗೆ ಸಿಗುವುದು ಒಂದೆರಡು ಮಿಲಿಗ್ರಾಂ. 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಸೋಂಕು ಇಳಿಯಿತು, ಜ್ವರ ಬಿಟ್ಟಿತು. ಐದು ದಿನಕ್ಕೆ ಔಷಧವೇ ಮುಗಿಯಿತು. ಅವನ ಮೂತ್ರದಿಂದ ಪೆನಿಸಿಲಿನ್ ಮತ್ತೆ ತೆಗೆದು ಅವನಿಗೇ ಚುಚ್ಚಿದರು, ಅದೂ ಸಾಲಲಿಲ್ಲ. ಮಾರ್ಚ್ 15ರಂದು ಅವನು ಸತ್ತ. ಮದ್ದು ಗೊತ್ತಿದ್ದೂ ಮನುಷ್ಯ ಸತ್ತದ್ದು ಬೂಷ್ಟು ಸಾಕಷ್ಟು ಕೊಡದಿದ್ದರಿಂದ.

ಬೂಷ್ಟಿಗೆ ಊಟ ಸಾಲದೇನೋ ಎಂದು ಹೀಟ್ಲಿ ಯೀಸ್ಟಿನ ಸಾರ ಸೇರಿಸಿ ನೋಡಿದ್ದರು. ಬೂಷ್ಟು ಹುರುಪಿನಿಂದ ಬೆಳೆಯಿತು, ಇಪ್ಪತ್ತು ದಿನದ ಕೆಲಸ ಹತ್ತು ದಿನಕ್ಕೆ ಇಳಿಯಿತು. ಪೆನಿಸಿಲಿನ್ ಮಾತ್ರ ಮೊದಲಿನಷ್ಟೇ! ಚೆನ್ನಾಗಿ ಉಂಡು ಚೆನ್ನಾಗಿ ಬೆಳೆದ ಬೂಷ್ಟು ಚೆನ್ನಾಗಿ ಔಷಧ ಕೊಡುತ್ತದೆ ಎಂಬ ಲೆಕ್ಕ ತಪ್ಪಾಗಿತ್ತು.

ಆ ವರ್ಷದ ಜುಲೈನಲ್ಲಿ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹಾರಿ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರು ತಲುಪಿದರು. ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ. ಅಲ್ಲಿನ ಸರ್ಕಾರಿ ಕೃಷಿ ಪ್ರಯೋಗಾಲಯದ ಆಂಡ್ರ್ಯೂ ಮೋಯರ್ ಎರಡು ಬದಲಾವಣೆ ಮಾಡಿದರು. ಮಾಮೂಲು ಸಕ್ಕರೆಯ ಜಾಗದಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಅದರ ಜೊತೆಗೆ ಕಾರ್ನ್ ಸ್ಟೀಪ್ ಲಿಕರ್.

ಈ ಎರಡನೆಯ ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಗಿರಣಿಯಲ್ಲಿ ಕಾಳನ್ನು ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ನಮ್ಮ ಮನೆಯ ದೋಸೆಹಿಟ್ಟನ್ನು ಹುಳಿ ಬರಿಸುವ ಬಳಗದ ಬ್ಯಾಕ್ಟೀರಿಯಾಗಳೇ ಆ ನೀರಿಗೂ ಹುಳಿ ಹಿಡಿಸುತ್ತವೆ. ಕಾಳಿನ ಒಳಗಿನ ಪ್ರೋಟೀನು, ಜೀವಸತ್ವ, ಲವಣಗಳು ನೀರಿಗೆ ಇಳಿಯುತ್ತವೆ. ಕಾಳು ತೆಗೆದ ಮೇಲೆ ಉಳಿದ ನೀರನ್ನು ಬತ್ತಿಸಿದರೆ ಜೋನಿ ಬೆಲ್ಲದಂತೆ ಕಂದು ಬಣ್ಣದ, ಮಂದವಾದ, ಹುಳಿವಾಸನೆ ಮೂಗಿಗೆ ಹೊಡೆಯುವ ರಸ ಸಿಗುತ್ತದೆ. ಗಿರಣಿಯವರಿಗೆ ಅದು ತಲೆನೋವಿನ ತ್ಯಾಜ್ಯ. ಪೆನಿಸಿಲಿನ್ ಬೂಷ್ಟಿಗೆ ಅದು ಹಬ್ಬದಡುಗೆ. ಸಾರಜನಕ ನಿಧಾನವಾಗಿ ಬಿಚ್ಚಿಕೊಳ್ಳುವ ರೂಪದಲ್ಲಿತ್ತು. ಪೆನಿಸಿಲಿನ್ನಿನ ಅಣುವಿಗೆ ಬಾಲವಾಗಿ ಸೇರುವ ಫಿನೈಲ್ ಅಸಿಟಿಕ್ ಆಮ್ಲದಂಥ ತುಣುಕುಗಳೂ ಅದರೊಳಗೇ ಇದ್ದವು. ಇಳುವರಿ ಹತ್ತಾರು ಪಟ್ಟು ಏರಿತು.

ಲ್ಯಾಕ್ಟೋಸಿನ ಗುಟ್ಟು ಇನ್ನೂ ಸ್ವಾರಸ್ಯದ್ದು. ಗ್ಲೂಕೋಸ್ ಕೊಟ್ಟರೆ ಬೂಷ್ಟು ಗಬಗಬನೆ ತಿಂದು ಮೈ ಬೆಳೆಸುತ್ತದೆ. ಆ ಸುಗ್ಗಿಯಲ್ಲಿ ಪೆನಿಸಿಲಿನ್ ತಯಾರಿಸುವ ಅಂಗವ್ಯವಸ್ಥೆಯನ್ನೇ ಮುಚ್ಚಿಡುತ್ತದೆ. ಲ್ಯಾಕ್ಟೋಸನ್ನು ಅದು ಮೊದಲು ಒಡೆಯಬೇಕು, ಆಮೇಲೆ ತಿನ್ನಬೇಕು. ಹಾಗಾಗಿ ದಿನಗಟ್ಟಲೆ ಅರೆಹೊಟ್ಟೆ. ಬೆಳವಣಿಗೆ ಕುಂಟುತ್ತದೆ, ಆದರೆ ಬೂಷ್ಟು ಸಾಯುವುದಿಲ್ಲ. ಆ ಅರೆಹೊಟ್ಟೆಯ ದಿನಗಳಲ್ಲೇ ಪೆನಿಸಿಲಿನ್ ಒಸರುವುದು. ಅದೇ 1941ರಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಮೊನೋ ಎಂಬ ತರುಣ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಬ್ಯಾಕ್ಟೀರಿಯಾಗಳ ಇಂಥದೇ ನಡವಳಿಕೆಯನ್ನು ಬರೆದ: ಎರಡು ಸಕ್ಕರೆ ಒಟ್ಟಿಗೆ ಕೊಟ್ಟರೆ ಸುಲಭದ್ದನ್ನು ಮೊದಲು ಮುಗಿಸಿ, ಕೊಂಚ ಹೊತ್ತು ಸುಮ್ಮನಿದ್ದು, ಆಮೇಲೆ ಕಷ್ಟದ್ದಕ್ಕೆ ಕೈ ಹಾಕುತ್ತವೆ. ಪ್ಯಾರಿಸ್ಸಿನ ಸಿದ್ಧಾಂತಕ್ಕೂ ಪಿಯೋರಿಯಾದ ಅಡುಗೆಗೂ ಆಗ ನಂಟಿರಲಿಲ್ಲ. ಎರಡೂ ಒಂದೇ ಸತ್ಯವನ್ನು ಬೇರೆ ಬೇರೆ ಬಾಗಿಲಿನಿಂದ ಮುಟ್ಟಿದ್ದವು.

ಮುಂದಿನದು ವೇಗವಾಗಿ ನಡೆಯಿತು. 1943ರಲ್ಲಿ ಪಿಯೋರಿಯಾದ ಕೊಳೆತ ಕರಬೂಜ ಹಣ್ಣೊಂದರ ಮೇಲೆ ಸಿಕ್ಕ ಬೂಷ್ಟು ಹೆಚ್ಚು ಕೊಡುವ ತಳಿಯಾಯಿತು. ಅದನ್ನು ಎಕ್ಸ್-ರೇ, ಅತಿನೇರಳೆ ಕಿರಣಗಳಿಗೆ ಒಡ್ಡಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕ್ಯೂ-176 ಎಂಬ ತಳಿ ಎಬ್ಬಿಸಿದರು. ಚಪ್ಪಟೆ ಪಾತ್ರೆಗಳು ಹೋಗಿ ಗಾಳಿಯೂದುವ ಆಳದ ತೊಟ್ಟಿಗಳು ಬಂದವು. ಅದೇ ವಿಸ್ಕಾನ್ಸಿನ್‌ನಲ್ಲಿ ಸೋಲ್ಟೆರೋ ಮತ್ತು ಜಾನ್ಸನ್ 1953ರಲ್ಲಿ ಇನ್ನೊಂದು ದಾರಿ ತೋರಿಸಿದರು. ದುಬಾರಿ ಲ್ಯಾಕ್ಟೋಸ್ ಬೇಕೇ ಇಲ್ಲ, ಅಗ್ಗದ ಗ್ಲೂಕೋಸನ್ನೇ ಹನಿಹನಿಯಾಗಿ ತೊಟ್ಟಿಕ್ಕಿಸಿದರೆ ಬೂಷ್ಟು ಅದೇ ಅರೆಹೊಟ್ಟೆಯಲ್ಲಿ ಉಳಿಯುತ್ತದೆ.

ಇತ್ತ ಭಾರತದಲ್ಲಿ, ಮುಂಬೈಯ ಹಾಫ್ಕಿನ್ ಸಂಸ್ಥೆಯ ನಿರ್ದೇಶಕರಾಗಿದ್ದ ಸಾಹಿಬ್ ಸಿಂಗ್ ಸೋಖಿ ಒಂದೇ ಹಟ ಹಿಡಿದಿದ್ದರು: ಔಷಧ ಇಲ್ಲೇ ತಯಾರಾಗಬೇಕು, ಅದೂ ಬಡವನ ಕೈಗೆಟುಕುವ ಬೆಲೆಗೆ. 1950ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಸಹಾಯಕ ಮಹಾನಿರ್ದೇಶಕರಾದರು. ಸಂಸ್ಥೆಯ ತಾಂತ್ರಿಕ ನೆರವು, ಯುನಿಸೆಫ್‌ನ ಯಂತ್ರೋಪಕರಣ, ಭಾರತ ಸರ್ಕಾರದ ಹಣ ಇವು ಮೂರೂ ಸೇರಿ ಪೆನಿಸಿಲಿನ್ ಕಾರ್ಖಾನೆಯ ಯೋಜನೆ ಕುದುರಿತು. ಜಾಗ ಪಿಂಪ್ರಿ, ಮುಂಬೈ-ಪುಣೆ ಹೆದ್ದಾರಿ ಮತ್ತು ರೈಲುಹಾದಿಯ ಮಗ್ಗುಲು, ಪವನಾ ನದಿಯ ಹತ್ತಿರ, ದೇಶ ವಿಭಜನೆಯಾದಾಗ ಸಿಂಧಿ ನಿರಾಶ್ರಿತರು ಬೀಡುಬಿಟ್ಟಿದ್ದ ಊರು. 1954ರ ಮಾರ್ಚ್ 10ರಂದು ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು, 1955ರಲ್ಲಿ ಪೆನಿಸಿಲಿನ್ ಹೊರಬಂತು. ಬೆಂಗಳೂರಿನವರಾದ ನಮಗೆ ಎಚ್‌ಎಎಲ್ ಎಂದೊಡನೆ ವಿಮಾನ ನೆನಪಾಗುತ್ತದೆ. ಪಿಂಪ್ರಿಯವರಿಗೆ ಅದು ಔಷಧ. ಅಲ್ಲಿನ ಜನ ಬಾಯಿತುಂಬ ಕರೆಯುವುದು ‘ಎಚ್‌ಎ ಕಂಪನಿ’ ಎಂದು. ಇಂದು ವಾಹನ ಕಾರ್ಖಾನೆಗಳಿಂದ ತುಂಬಿ ತುಳುಕುವ ಪಿಂಪ್ರಿ-ಚಿಂಚವಾಡಕ್ಕೆ ಕೈಗಾರಿಕೆಯ ಬಾಗಿಲು ತೆರೆದವುಗಳಲ್ಲಿ ಈ ಬೂಷ್ಟಿನ ಕಾರ್ಖಾನೆ ಮೊದಲ ಸಾಲಿನದು.

ಪೆನಿಸಿಲಿನ್ ತೊಟ್ಟಿಯ ಕೆಲಸವೆಂದರೆ ಬಾಣಂತಿ ಆರೈಕೆಯಂಥದು. ಪ್ರಯೋಗಾಲಯದ ಗಾಜಿನ ಕುಪ್ಪಿಯಲ್ಲಿ ಎಬ್ಬಿಸಿದ ಬೂಷ್ಟನ್ನು ಸಣ್ಣ ತೊಟ್ಟಿಗೆ, ಅಲ್ಲಿಂದ ಸಾವಿರಾರು ಲೀಟರಿನ ದೊಡ್ಡ ತೊಟ್ಟಿಗೆ ಇಳಿಸುತ್ತಾರೆ. ಉಷ್ಣತೆ ಇಪ್ಪತ್ತೈದು ಡಿಗ್ರಿಯ ಆಸುಪಾಸು. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಕಾಯ್ದುಕೊಳ್ಳುವುದೇ ಒಂದು ಸಾಹಸ, ಏಕೆಂದರೆ ಬೂಷ್ಟು ಉಣ್ಣುವಾಗ ತಾನೂ ಬಿಸಿ ಹೊಮ್ಮಿಸುತ್ತದೆ. ಮೊದಲ ಒಂದೆರಡು ದಿನ ಧಾರಾಳ ಊಟ. ರಸ ಗಂಜಿಯಂತೆ ದಪ್ಪಗಾಗುತ್ತದೆ, ಬಿಳಿ ಎಳೆಗಳು ಹೆಣೆದುಕೊಳ್ಳುತ್ತವೆ. ಆಮೇಲೆ ಸಕ್ಕರೆಯನ್ನು ಅಳೆದು ಸುರಿದು ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತಾರೆ. ಫಿನೈಲ್ ಅಸಿಟಿಕ್ ಆಮ್ಲವನ್ನು ಕಂತುಕಂತಾಗಿ ಕೊಡಬೇಕು. ಒಮ್ಮೆಲೇ ಹಾಕಿದರೆ ಬೂಷ್ಟಿಗೇ ವಿಷ. ಗಾಳಿ ಸದಾ ಊದುತ್ತಿರಬೇಕು, ಆಮ್ಲಜನಕವೂ ಒಂದು ಆಹಾರವೇ. ರಸ ದಪ್ಪಗಾದಷ್ಟೂ ಅದೇ ಮೊದಲು ಕೊರತೆಯಾಗುವುದು. ಊದುವ ಗಾಳಿಯಲ್ಲಿ ಒಂದೇ ಒಂದು ಹಾದಿಹೋಕ ಬ್ಯಾಕ್ಟೀರಿಯಾ ನುಸುಳಿದರೂ ಸಾಕು. ಅಷ್ಟು ಸಮೃದ್ಧ ಊಟ ಅದಕ್ಕೆ ಬೇರೆಲ್ಲಿ ಸಿಕ್ಕೀತು? ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಬ್ಬಾಗವಾಗುತ್ತ ರಾತ್ರಿ ಬೆಳಗಾಗುವುದರೊಳಗೆ ತೊಟ್ಟಿ ತುಂಬುತ್ತದೆ. ಅದು ಪೆನಿಸಿಲಿನ್ ಒಡೆಯುವ ಕಿಣ್ವ ಸುರಿಸುವ ಜಾತಿಯದಾದರೆ ಇಡೀ ತೊಟ್ಟಿಯ ಮಾಲು ಚರಂಡಿಗೆ. ಬೂಷ್ಟಿಗೆಂದು ಬಡಿಸಿದ ಎಲೆಯಲ್ಲಿ ಶತ್ರುವೂ ಉಣ್ಣುತ್ತಾನೆ ಎಂಬುದು ಈ ಕೆಲಸದ ನಿತ್ಯದ ಭಯ.

ಅಮೆರಿಕದ ಪಾಕವನ್ನು ಯಥಾವತ್ತಾಗಿ ಪುಣೆಗೆ ತರುವಂತಿರಲಿಲ್ಲ. ಅಲ್ಲಿ ಮೆಕ್ಕೆಜೋಳದ ಗಿರಣಿಗಳು ಬೀದಿಗೊಂದು, ಇಲ್ಲಿ ಬೆರಳೆಣಿಕೆ. ನೆನೆಸಿದ ನೀರಿನ ಗುಣ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಮಳೆ, ಕಾಳಿನ ತಳಿ, ನೆನೆದ ಹೊತ್ತು ಎಲ್ಲದರ ಗುರುತೂ ಅದರಲ್ಲಿ ಉಳಿದಿರುತ್ತದೆ. ಹಾಗಾಗಿ ಭಾರತದ ಪ್ರಯೋಗಾಲಯಗಳಲ್ಲಿ ಕಡಲೆಕಾಯಿ ಹಿಂಡಿಯಂಥ ನಮ್ಮ ನೆಲದ ವಸ್ತುಗಳ ಮೇಲೆ ಪ್ರಯೋಗಗಳು ನಡೆದವು. ಎಣ್ಣೆ ತೆಗೆದ ಮೇಲೆ ಎಮ್ಮೆಗೆ ಹಾಕುವ ಆ ಹಿಂಡಿಯಲ್ಲೂ ನಿಧಾನವಾಗಿ ಕರಗುವ ಪ್ರೋಟೀನು ಹೇರಳ. ದಕ್ಷಿಣ ಮಹಾರಾಷ್ಟ್ರದಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ಕಡಲೆಕಾಯಿಗೆ ಬರವೇನು? ವಿಜ್ಞಾನ ನಮ್ಮ ನೆಲಕ್ಕೆ ಇಳಿಯುವುದೆಂದರೆ ಹೀಗೆ, ಹಿಂಡಿಯ ಮಟ್ಟಕ್ಕೆ ಇಳಿಯುವುದು ಎಂದು ನಾನು ನಂಬಿದ್ದೇನೆ.

ಪಿಂಪ್ರಿಯ ಕಥೆ ಬರಿಯ ಎರವಲು ಕಥೆಯಾಗಿ ಉಳಿಯದಂತೆ ನೋಡಿಕೊಂಡವರಲ್ಲಿ ಮುಖ್ಯರು ಒಬ್ಬ ಕನ್ನಡಿಗರು: ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್. ಹೆಸರಿನಲ್ಲೇ ಮಂಡ್ಯ-ಮೇಲುಕೋಟೆಯ ಗಾಳಿಯಿದೆ. 1914ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದುಕೊಂಡು ಮೈಸೂರು ಸೀಮೆಯ ಗಿಡಗಳಿಗೆ ತಗಲುವ ತುಕ್ಕುರೋಗ, ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಒಂದೊಂದಾಗಿ ಗುರುತಿಸುತ್ತ ಬಂದರು. ಭಾರತದ ಕಾಡಿಗೆ ಶಿಲೀಂಧ್ರಗಳ ಕುರಿತು ಅವರು ಬಿ.ಬಿ. ಮುಂಡ್ಕೂರರೊಂದಿಗೆ ಬರೆದ ಗ್ರಂಥ 1952ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿ ಕರಾವಳಿಯ ಊರನ್ನು ಹೊತ್ತಿದ್ದ ಮುಂಡ್ಕೂರರು 1947ರಲ್ಲಿ ಭಾರತೀಯ ಸಸ್ಯರೋಗ ಶಾಸ್ತ್ರ ಸಂಘವನ್ನು ಕಟ್ಟಿದವರು.

1940ರ ದಶಕದ ಕೊನೆಗೆ ತಿರುಮಲಾಚಾರ್ ವಿಸ್ಕಾನ್ಸಿನ್‌ನಲ್ಲಿದ್ದರು, ಕ್ಯೂ-176 ಹುಟ್ಟಿದ ಅದೇ ವಿಶ್ವವಿದ್ಯಾಲಯ. ಅಲ್ಲಿ ಜೆ.ಜಿ. ಡಿಕ್ಸನ್ ಅವರೊಂದಿಗೆ ಮಾಡಿದ ಒಂದು ಕೆಲಸ ಗಮನಿಸಬೇಕಾದದ್ದು. ಹುಲ್ಲಿನ ಒಡಲಲ್ಲಿ ಬದುಕುವ ಕಾಡಿಗೆ ಶಿಲೀಂಧ್ರವೊಂದನ್ನು ಗಿಡವಿಲ್ಲದೆ, ಕೃತಕ ಆಹಾರದ ಮೇಲೆ ಬೆಳೆಸಿದ್ದು. ಪರಾವಲಂಬಿ ಜೀವಿ ತನ್ನ ಆಶ್ರಯದಾತನಿಂದ ಏನೇನು ಕದಿಯುತ್ತದೆ ಎಂದು ಊಹಿಸಿ ಅದನ್ನೇ ಗಾಜಿನ ನಳಿಕೆಯಲ್ಲಿ ಬಡಿಸಬೇಕು. ಸೂಕ್ಷ್ಮಜೀವಿಯ ಹಸಿವನ್ನು ಅಷ್ಟು ಒಳಗಿನಿಂದ ಬಲ್ಲವರು ಪಿಂಪ್ರಿಯ ಸಂಶೋಧನೆಯ ಮುಖ್ಯಸ್ಥರಾಗಿ ಬಂದದ್ದು ಆ ಕಾರ್ಖಾನೆಯ ಪುಣ್ಯ.

ಅವರ ತಂಡ ಮಣ್ಣಿಗೆ ಕೈ ಹಾಕಿತು. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಘಮಲಿಗೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಎಂಬ ಎಳೆಎಳೆಯ ಬ್ಯಾಕ್ಟೀರಿಯಾಗಳಲ್ಲೇ ಔಷಧಗಳ ಕಣಜವಿದೆ. ಇವುಗಳನ್ನು ಮಣ್ಣಿನಿಂದ ಎಬ್ಬಿಸುವುದರಲ್ಲೂ ಊಟದ್ದೇ ಯುಕ್ತಿ. ತಟ್ಟೆಗೆ ಭರ್ಜರಿ ಆಹಾರ ಹಾಕಿದರೆ ಚುರುಕು ಬ್ಯಾಕ್ಟೀರಿಯಾಗಳು ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಆಕ್ರಮಿಸುತ್ತವೆ. ಪಿಷ್ಟದಂಥ ಒರಟು, ಬಡ ಊಟ ಇಟ್ಟರೆ ಅವು ಹಿಂದೆ ಸರಿಯುತ್ತವೆ. ನಿಧಾನಸ್ಥ ಸ್ಟ್ರೆಪ್ಟೊಮೈಸಿಸ್‌ಗಳು ವಾರ ಕಳೆಯುವಷ್ಟರಲ್ಲಿ ಸುಣ್ಣದ ಚುಕ್ಕೆಗಳಂತೆ ತಲೆಯೆತ್ತುತ್ತವೆ.

ಹಾಗೆ ಸಿಕ್ಕವುಗಳಲ್ಲಿ ಒಂದಕ್ಕೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಹೆಸರಿಟ್ಟರು. ಅದು ಕೊಟ್ಟ ಔಷಧ ಹ್ಯಾಮೈಸಿನ್. ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನ ಎಚ್ ಮತ್ತು ಎ ಎರಡೂ ಅದರ ಹೆಸರಿನ ಮೊದಲಲ್ಲಿವೆ. 1961ರಲ್ಲಿ ಸಂಸ್ಥೆಯ ಸ್ವಂತ ಬುಲೆಟಿನ್‌ನಲ್ಲಿ ಅದರ ಮೊದಲ ವರದಿ ಪ್ರಕಟವಾಯಿತು. ಪೆನಿಸಿಲಿನ್ ಬೂಷ್ಟಿನಿಂದ ಬಂದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಹ್ಯಾಮೈಸಿನ್ ಬ್ಯಾಕ್ಟೀರಿಯಾದಿಂದ ಬಂದು ಶಿಲೀಂಧ್ರ ಕೊಲ್ಲುತ್ತದೆ. ಬಾಯಿಯ ಅಗ್ರದಂಥ ಸೋಂಕುಗಳಿಗೆ ಅದು ಮದ್ದಾಯಿತು. ಅದರ ಹಿಂದೆಯೇ ಡರ್ಮೊಸ್ಟಾಟಿನ್, ಬೆಳೆಗಳ ರೋಗಕ್ಕೆ ಸಿಂಪಡಿಸುವ ಆರಿಯೊಫಂಗಿನ್ ಬಂದವು. ಗಿಡದ ರೋಗಗಳಿಂದ ಕೆಲಸ ಶುರುಮಾಡಿದ ತಿರುಮಲಾಚಾರ್ ಹೀಗೆ ಒಂದು ಸುತ್ತು ಹಾಕಿ ಗಿಡಕ್ಕೇ ಮದ್ದು ಕೊಟ್ಟರು. ನಂತರದ ವರ್ಷಗಳಲ್ಲಿ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಶೋಧನಾ ಸಂಸ್ಥೆ ಕಟ್ಟಿದಾಗಲೂ ಅದರ ಹೆಸರಿನಲ್ಲಿ ‘ಜೀರ್‌ಸನ್ನಿಧಿ’ಯನ್ನು ಉಳಿಸಿಕೊಂಡರು. 1999ರಲ್ಲಿ ತೀರಿಕೊಂಡರು.

1962ರಲ್ಲಿ ಮರ್ಕ್ ಕಂಪನಿಯ ತಂತ್ರಜ್ಞಾನದೊಂದಿಗೆ ಪಿಂಪ್ರಿಯಲ್ಲಿ ಕ್ಷಯರೋಗದ ಮದ್ದಾದ ಸ್ಟ್ರೆಪ್ಟೊಮೈಸಿನ್ ತಯಾರಿ ಆರಂಭವಾಯಿತು. ಅಲ್ಲಿ ಲಗಾಮು ಬೇರೆ: ರಂಜಕ. ರಸದಲ್ಲಿ ಫಾಸ್ಫೇಟ್ ತುಸು ಹೆಚ್ಚಾದರೆ ಜೀವಿ ಕೊಬ್ಬಿ ಬೆಳೆಯುತ್ತದೆ, ಔಷಧ ಇಳಿಯುತ್ತದೆ. ಜೀವಿ ಬದಲಾದರೂ ಪಾಠ ಬದಲಾಗಲಿಲ್ಲ.

ಕಾರ್ಖಾನೆಯ ಮುಂದಿನ ದಿನಗಳು ಸಂತೋಷದ್ದಲ್ಲ. 1990ರ ದಶಕದಲ್ಲಿ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು. ಚೀನಾದ ಅಗ್ಗದ ಪೆನಿಸಿಲಿನ್ ಮುಂದೆ ಭಾರತದ ತೊಟ್ಟಿಗಳು ಒಂದೊಂದಾಗಿ ಒಣಗಿದವು. ಸಂಬಳದ ಬಾಕಿ, ಸಾಲ ತೀರಿಸಲು ಪಿಂಪ್ರಿಯ ಹೆಚ್ಚುವರಿ ಜಮೀನು ಮಾರಲು 2016ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಬಾ ಅವರ ಕಾಲದಂತೆಯೇ ಮತ್ತೆ ಪೆನಿಸಿಲಿನ್ ಹೊರದೇಶದಿಂದ ಬರತೊಡಗಿತು. ಸರ್ಕಾರದ ಪ್ರೋತ್ಸಾಹಧನದ ಬಲದಿಂದ 2024ರಲ್ಲಿ ಆಂಧ್ರದ ಕಾಕಿನಾಡದ ಬಳಿ ಖಾಸಗಿ ಕಂಪನಿಯೊಂದು ಪೆನಿಸಿಲಿನ್-ಜಿ ತಯಾರಿಯನ್ನು ಹೊಸದಾಗಿ ಆರಂಭಿಸಿದೆ. ಕಲಿತಿದ್ದ ವಿದ್ಯೆಯನ್ನು ಕೈಬಿಟ್ಟು ಮತ್ತೆ ಕಲಿಯಬೇಕಾಗಿ ಬಂದದ್ದು ದೊಡ್ಡ ನಷ್ಟ, ಅದನ್ನು ನಷ್ಟವೆಂದೇ ಹೇಳಬೇಕು.

ಪಿಂಪ್ರಿಯ ಒಂದು ಕುಡಿ ನಮ್ಮಲ್ಲೇ ಬೇರುಬಿಟ್ಟಿದೆ. 1981ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಮತ್ತು ಕರ್ನಾಟಕ ಸರ್ಕಾರದ ಕೈಗಾರಿಕಾ ಹೂಡಿಕೆ ನಿಗಮ ಸೇರಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಕಂಪನಿ ಕಟ್ಟಿದವು. ಪೀಣ್ಯದ ಆ ಕಾರ್ಖಾನೆಯಿಂದ ಇಂದಿಗೂ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಹೋಗುತ್ತದೆ.

ಪುಣೆಗೆ ಹೋದ ಕನ್ನಡಿಗರು ಆಗಾ ಖಾನ್ ಅರಮನೆಯಲ್ಲಿ ಕಸ್ತೂರಬಾ ಸಮಾಧಿಗೆ ಕೈಮುಗಿದು ಬರುತ್ತಾರೆ. ಅಲ್ಲಿಂದ ಪಿಂಪ್ರಿಗೂ ಹೋಗಿ ಬನ್ನಿ. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಅವರ ನೆನಪುಗಳನ್ನು ಕೇಳಿ ಬರೆದಿಡಿ. ತೊಟ್ಟಿಯ ಪಕ್ಕದಲ್ಲಿ ರಾತ್ರಿಪಾಳಿ ಮಾಡಿದವರ ಕೈಗೆ ಗೊತ್ತಿರುವುದು ವರದಿಗಳಲ್ಲಿ ಸಿಗುವುದಿಲ್ಲ. ಸೆಂಟ್ರಲ್ ಕಾಲೇಜಿನಿಂದ ಪಿಂಪ್ರಿಯ ಮಣ್ಣಿನವರೆಗೆ ನಡೆದ ತಿರುಮಲಾಚಾರ್ ಅವರ ಬದುಕು ನಮ್ಮ ಶಾಲೆಯ ಮಕ್ಕಳ ಕೈಗೆ ಕನ್ನಡದಲ್ಲಿ, ಒಂದು ಒಳ್ಳೆಯ ಪುಸ್ತಕವಾಗಿ ಸಿಗಬೇಕು. ಬರೆಯಬಲ್ಲವರು ಇಂದೇ ಕೂತು ಬರೆಯಲಿ.